ನಾಯಿ ನಿಷೇಧ ಇರುವ ಅಪಾರ್ಟ್‌ಮೆಂಟ್, ಕಣ್ಣಿಗೆ ಕಾಣದ ಕಾಯಿಲೆ: ಅನುಮತಿ ಕೇಳುವ ಕ್ರಮ ಹೇಗೆ? (ಕ್ಯಾಲಿಫೋರ್ನಿಯಾ)

ಅಕ್ಕನ_ತಮ್ಮ:

ಎಲ್ಲರಿಗೂ ನಮಸ್ಕಾರ. ಅಕ್ಕ ಕ್ಯಾಲಿಫೋರ್ನಿಯಾದ ದೊಡ್ಡ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸ್ ಒಂದರಲ್ಲಿ ಬಾಡಿಗೆಗಿದ್ದಾಳೆ, ಎಚ್-4 ವೀಸಾ (ಕೆಲಸದ ವೀಸಾದಲ್ಲಿರುವವರ ಕುಟುಂಬಕ್ಕೆ ಕೊಡುವುದು). ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆ) ಇದೆ, ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ನಾಯಿ ಸಾಕಿದರೆ ಒಳ್ಳೆಯದು ಅಂತ ಥೆರಪಿಸ್ಟ್ ಹೇಳಿದ್ದಾರೆ. ಆದರೆ ಲೀಸ್‌ನಲ್ಲಿ ಸಾಕುಪ್ರಾಣಿ ಕೂಡದು ಎಂದಿದೆ. ಮ್ಯಾನೇಜರನ್ನು ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ನಾಯಿಯ ಸರ್ಟಿಫಿಕೇಟ್ ಬೇಕು, ಕಾಯಿಲೆಯ ದಾಖಲೆ ಬೇಕು, 500 ಡಾಲರ್ ಪೆಟ್ ಡಿಪಾಸಿಟ್ ಕಟ್ಟಬೇಕು, 25 ಪೌಂಡ್ ಮೀರಿದ ನಾಯಿ ಆಗುವುದಿಲ್ಲ ಎಂದರು. ಅಕ್ಕ ನೋಡಿಟ್ಟಿರುವುದು ಜರ್ಮನ್ ಶೆಫರ್ಡ್. ಇದರಲ್ಲಿ ಯಾವುದನ್ನು ಕೇಳುವ ಹಕ್ಕು ಅವರಿಗಿದೆ? ಆನ್‌ಲೈನಿನಲ್ಲಿ ನಾಯಿಯನ್ನು ರಿಜಿಸ್ಟರ್ ಮಾಡಿ ಕಾರ್ಡ್ ಕೊಡುವ ಸೈಟುಗಳಿವೆಯಲ್ಲ, ಅದು ಸಾಕಾ? ವೀಸಾದಿಂದ ತೊಡಕಾಗುತ್ತದಾ?

ಕರಡುಪ್ರತಿ:

ಮೊದಲು ಆ ಕಾರ್ಡಿನ ಆಸೆ ಬಿಡಿ. ಅಮೆರಿಕದಲ್ಲಿ ಇಂಥ ನಾಯಿಗಳಿಗೆ ಸರ್ಕಾರಿ ರಿಜಿಸ್ಟ್ರಿ ಎಂಬುದೇ ಇಲ್ಲ. ಕಾರ್ಡು, ಕೊರಳಪಟ್ಟಿ, ಕೋಟು ಇವೆಲ್ಲ ದುಡ್ಡು ದಂಡ. ಮ್ಯಾನೇಜರ್ ಸರ್ಟಿಫಿಕೇಟ್ ಕೇಳುವುದೂ ತಪ್ಪು, ನೀವು ಅದನ್ನು ಕೊಂಡು ಕೊಡುವುದೂ ತಪ್ಪು.

ಇಲ್ಲಿ ಎರಡು ಕಾನೂನುಗಳು ಸದಾ ಕಲಸಿಹೋಗುತ್ತವೆ. ಅಂಗಡಿ, ಹೋಟೆಲ್, ಆಸ್ಪತ್ರೆಗೆ ಸಂಬಂಧಿಸಿದ್ದು ಎಡಿಎ, ಅಂದರೆ ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್ ಆಕ್ಟ್. ಅದರ ಪ್ರಕಾರ ನಿರ್ದಿಷ್ಟ ಕೆಲಸಕ್ಕೆ ತರಬೇತಾದ ನಾಯಿ ಮಾತ್ರ ಸರ್ವಿಸ್ ಡಾಗ್. ದುಃಸ್ವಪ್ನದಿಂದ ಎಬ್ಬಿಸುವುದು, ಪ್ಯಾನಿಕ್ ಬಂದಾಗ ಮೈಮೇಲೆ ಒರಗಿ ಭಾರ ಹಾಕುವುದು, ಮಾತ್ರೆಯ ಹೊತ್ತು ನೆನಪಿಸುವುದು ಇಂಥವು. ಬರೀ ಜೊತೆಗಿದ್ದು ಸಮಾಧಾನ ಕೊಡುವ ನಾಯಿ, ಅಂದರೆ ಇಎಸ್‌ಎ (ಎಮೋಷನಲ್ ಸಪೋರ್ಟ್ ಅನಿಮಲ್), ಅದರಲ್ಲಿ ಬರುವುದಿಲ್ಲ. ವಾಸದ ಮನೆಗೆ ಅನ್ವಯಿಸುವುದು 1968ರ ಫೇರ್ ಹೌಸಿಂಗ್ ಆಕ್ಟ್. ಅದಕ್ಕೆ ಅಂಗವೈಕಲ್ಯವನ್ನು ಸೇರಿಸಿದ್ದು 1988ರ ತಿದ್ದುಪಡಿ. ಇಲ್ಲಿ ತರಬೇತಿ ಇರಲೇಬೇಕು ಎಂದು ಕಾಯ್ದೆಯಲ್ಲಿ ಬರೆದಿಲ್ಲ. ನೋಡುವುದು ಇಷ್ಟೇ: ವ್ಯಕ್ತಿಗೆ ಅಂಗವೈಕಲ್ಯ ಇದೆಯೇ, ಅದರಿಂದಾಗುವ ತೊಂದರೆಯನ್ನು ಈ ಪ್ರಾಣಿ ತಗ್ಗಿಸುತ್ತದೆಯೇ. ಈ ಎರಡರ ನಡುವಿನ ಕೊಂಡಿಯೇ ನಿಮ್ಮ ಇಡೀ ಅರ್ಜಿ. ಹಾಗಾಗಿ ಪತ್ರದಲ್ಲಿ ನಾಯಿಯ ಗುಣಗಾನ ಮಾಡಬೇಡಿ.

ಈಗ ಮ್ಯಾನೇಜರ್ ಕೇಳಿದ್ದಕ್ಕೆ ಬರೋಣ.

ಕಾಯಿಲೆಯ ದಾಖಲೆ: ಗಾಲಿಕುರ್ಚಿಯಲ್ಲಿ ಇರುವವರಿಗೆ ಪುರಾವೆ ಕೇಳುವಂತಿಲ್ಲ, ಏಕೆಂದರೆ ಕಾಣುತ್ತದೆ. ಕಾಣದ ಕಾಯಿಲೆಯಾದರೆ ಪುರಾವೆ ಕೇಳುವ ಹಕ್ಕು ಅವರಿಗಿದೆ. ಆದರೆ ಥೆರಪಿಸ್ಟ್ ಬರೆದ ಒಂದು ಪತ್ರ ಸಾಕು. ರೋಗದ ಹೆಸರು, ಔಷಧದ ಪಟ್ಟಿ, ಥೆರಪಿಯ ಟಿಪ್ಪಣಿ ಕೊಡಬೇಕಿಲ್ಲ. ರೆಕಾರ್ಡ್ ಬಿಡುಗಡೆಗೆ ಒಪ್ಪಿಗೆ ಎಂಬ ಫಾರಂ ಮುಂದಿಟ್ಟರೆ ಸಹಿ ಹಾಕಬೇಡಿ.

ಡಿಪಾಸಿಟ್: ಪೆಟ್ ಡಿಪಾಸಿಟ್, ತಿಂಗಳ ಪೆಟ್ ರೆಂಟ್, ಒಂದೇ ಸಲದ ಪೆಟ್ ಫೀ, ಮೂರನ್ನೂ ಹಾಕುವಂತಿಲ್ಲ. ನಾಯಿ ಬಾಗಿಲು ಕೆರೆದರೆ, ಕಾರ್ಪೆಟ್ ಹಾಳಾದರೆ ಅದರ ಖರ್ಚು ಮಾತ್ರ ಅಕ್ಕನದೇ. ಮಾಮೂಲಿ ಸೆಕ್ಯೂರಿಟಿ ಡಿಪಾಸಿಟ್ಟಿನಿಂದ ಅದನ್ನು ಮುರಿದುಕೊಳ್ಳಬಹುದು.

ತೂಕ ಮತ್ತು ತಳಿ: ಆ ಮಿತಿಗಳು ಸಾಕುಪ್ರಾಣಿಗೆ. ಇದು ಕಾನೂನಿನ ಕಣ್ಣಲ್ಲಿ ಸಾಕುಪ್ರಾಣಿಯಲ್ಲ. ನಿರಾಕರಿಸಬೇಕಾದರೆ ಈ ನಾಯಿಯೇ ಯಾರನ್ನೋ ಕಚ್ಚಿದೆ, ಹೆದರಿಸಿದೆ ಎಂಬಂಥ ಆಧಾರ ಬೇಕು. ಶೆಫರ್ಡ್ ಜಾತಿಯೇ ಹಾಗೆ ಅನ್ನುವುದು ಆಧಾರವಲ್ಲ.

ವೀಸಾ: ತೊಡಕಿಲ್ಲ. ಕಾಯ್ದೆ ಪೌರತ್ವ ಕೇಳುವುದಿಲ್ಲ. ಬಾಡಿಗೆದಾರರ ವಲಸೆ ಸ್ಥಿತಿಯನ್ನು ಮಾಲೀಕರು ವಿಚಾರಿಸುವುದನ್ನೇ ಕ್ಯಾಲಿಫೋರ್ನಿಯಾ ಕಾನೂನು ತಡೆಯುತ್ತದೆ.

ಇನ್ನು ಪತ್ರ. ಬಾಯಿಮಾತಿನ ಕೋರಿಕೆಯೂ ಕಾನೂನಿನ ಪ್ರಕಾರ ಕೋರಿಕೆಯೇ. ಆದರೆ ನಾಳೆ ಕೇಳಿಲ್ಲ ಅಂದುಬಿಟ್ಟರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ, ಹಾಗಾಗಿ ಈಮೇಲ್ ಕಳಿಸಿ. ತಾರೀಖು, ಹೆಸರು, ಮನೆ ನಂಬರ್ ಹಾಕಿ. ಆಮೇಲೆ ನಾಲ್ಕೇ ವಾಕ್ಯ: ನನಗೆ ಫೇರ್ ಹೌಸಿಂಗ್ ಆಕ್ಟ್ ಹೇಳುವ ಅರ್ಥದಲ್ಲಿ ಅಂಗವೈಕಲ್ಯ ಇದೆ, ಸಾಕುಪ್ರಾಣಿ ನಿಷೇಧದ ನಿಯಮಕ್ಕೆ ರೀಸನಬಲ್ ಅಕಾಮಡೇಶನ್ (ಅಂಗವೈಕಲ್ಯಕ್ಕಾಗಿ ನಿಯಮದ ಸಡಿಲಿಕೆ) ಆಗಿ ಒಂದು ಅಸಿಸ್ಟೆನ್ಸ್ ಅನಿಮಲ್‌ಗೆ (ನೆರವಿನ ಪ್ರಾಣಿಗೆ) ಅನುಮತಿ ಕೋರುತ್ತೇನೆ, ಥೆರಪಿಸ್ಟ್ ಪತ್ರ ಲಗತ್ತಿಸಿದೆ, 10 ದಿನದೊಳಗೆ ಲಿಖಿತ ಉತ್ತರ ಕೊಡಿ. ಆ 10 ದಿನ ನೀವು ಹಾಕುವ ಗಡುವು, ಕಾಯ್ದೆಯಲ್ಲಿ ದಿನದ ಲೆಕ್ಕ ಇಲ್ಲ. ಕಾನೂನು ಉಲ್ಲೇಖಿಸುವುದಾದರೆ ಹಡ್ ಇಲಾಖೆಯ (ಅಮೆರಿಕದ ಕೇಂದ್ರ ಸರ್ಕಾರದ ವಸತಿ ಇಲಾಖೆ) ಮಾರ್ಗಸೂಚಿಯ ನಂಬರ್ ಹಾಕಬೇಡಿ. ಆಡಳಿತ ಬದಲಾದಂತೆ ಮಾರ್ಗಸೂಚಿಗಳು ಬರುತ್ತವೆ, ಹೋಗುತ್ತವೆ. ಕಾಯ್ದೆಯ ಕಲಂ ಹಾಕಿ: ಯು.ಎಸ್. ಕೋಡ್ ಟೈಟಲ್ 42, ಸೆಕ್ಷನ್ 3604(ಎಫ್)(3)(ಬಿ).

ಲೀಸಿಂಗ್_ಆಫೀಸ್:

ಮೇಜಿನ ಈಚೆ ಕಡೆಯಿಂದ ಒಂದಷ್ಟು. ಮೇಲಿನವರು ಹೇಳಿದ್ದು ಸರಿ. ಆದರೆ ಅರ್ಜಿ ಬೀಳುವುದು ಸಾಮಾನ್ಯವಾಗಿ ಕಾನೂನಿನ ಮೇಲಲ್ಲ, ಥೆರಪಿಸ್ಟ್ ಪತ್ರದ ಮೇಲೆ. ‘ನಾಯಿ ಇದ್ದರೆ ಇವರಿಗೆ ಒಳ್ಳೆಯದು’ ಎಂದು ಬರೆದ ಪತ್ರ ಫೈಲಿಗೆ ಹೋಗುವುದಿಲ್ಲ, ವಾಪಸ್ ಬರುತ್ತದೆ. ನಾಯಿ ಇದ್ದರೆ ಯಾರಿಗೆ ತಾನೇ ಒಳ್ಳೆಯದಲ್ಲ? ‘ಇಂಥ ತಿಂಗಳಿಂದ ಇವರು ನನ್ನ ಬಳಿ ಚಿಕಿತ್ಸೆಯಲ್ಲಿದ್ದಾರೆ. ದಿನನಿತ್ಯದ ಮುಖ್ಯ ಚಟುವಟಿಕೆಗೆ ಅಡ್ಡಿಯಾಗುವ ಅಂಗವೈಕಲ್ಯ ಇದೆ. ನಾಯಿಯ ಸಾನ್ನಿಧ್ಯ ನಿದ್ರೆಯ ತೊಂದರೆಯನ್ನೂ ಒಂಟಿಯಾಗಿದ್ದಾಗ ಬರುವ ಆತಂಕದ ದಾಳಿಯನ್ನೂ ತಗ್ಗಿಸುತ್ತದೆ, ಈ ಮನೆಯಲ್ಲಿ ವಾಸಿಸಲು ಅದು ಅಗತ್ಯ’ ಎಂದು ಬರೆಸಿ. ಒಳ್ಳೆಯದು ಬೇರೆ, ಅಗತ್ಯ ಬೇರೆ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಕೊಕ್ಕೆ ಇದೆ. ಎಬಿ 468 ಎಂಬ ಕಾನೂನು 2022ರ ಜನವರಿ 1ರಿಂದ ಜಾರಿಯಲ್ಲಿದೆ. ಇಎಸ್‌ಎ ನಾಯಿಗೆ ಪತ್ರ ಕೊಡುವ ವೃತ್ತಿಪರರು ಕನಿಷ್ಠ 30 ದಿನ ಮೊದಲೇ ಆ ವ್ಯಕ್ತಿಯ ಜೊತೆ ಚಿಕಿತ್ಸಕ ಸಂಬಂಧ ಹೊಂದಿರಬೇಕು, ನಾಯಿಯ ಅಗತ್ಯದ ಬಗ್ಗೆ ಕ್ಲಿನಿಕಲ್ ಪರೀಕ್ಷೆ ಮಾಡಿರಬೇಕು. ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಪತ್ರದಲ್ಲಿ ಅದರ ನಂಬರ್, ಬಗೆ, ಶುರುವಾದ ದಿನಾಂಕ, ಯಾವ ರಾಜ್ಯದ್ದು ಎಂಬುದು ಇರಬೇಕು. ಹತ್ತು ನಿಮಿಷದ ವಿಡಿಯೋ ಕಾಲ್ ಮಾಡಿ ಅದೇ ಸಂಜೆ ಪಿಡಿಎಫ್ ಕಳಿಸುವ ಸೈಟುಗಳ ಪತ್ರ ಇಲ್ಲೇ ಮಗುಚಿಕೊಳ್ಳುತ್ತದೆ. ಲೈಸೆನ್ಸ್ ನಂಬರನ್ನು ರಾಜ್ಯದ ಬೋರ್ಡ್ ವೆಬ್‌ಸೈಟಿನಲ್ಲಿ ಹಾಕಿ ನೋಡುವುದು ಎಷ್ಟು ಹೊತ್ತಿನ ಕೆಲಸ?

ನಾಯಿಯನ್ನು ಮೊದಲು ತಂದು ಆಮೇಲೆ ಕೇಳುವ ಅಭ್ಯಾಸವೂ ಇದೆ. ಹಾಗೆ ಮಾಡಿದರೆ ಹಕ್ಕು ಹೋಗುವುದಿಲ್ಲ, ನೋಟಿಸ್ ಬಂದ ಮೇಲೂ ಕೋರಿಕೆ ಸಲ್ಲಿಸಬಹುದು. ಆದರೆ ಅಷ್ಟರಲ್ಲಿ ಲೀಸ್ ಉಲ್ಲಂಘನೆಯ ಕಾಗದ ಫೈಲಿಗೆ ಸೇರಿರುತ್ತದೆ, ಮಾತು ಸಂಶಯದಿಂದಲೇ ಶುರುವಾಗುತ್ತದೆ. ಎರಡು ಪ್ರಾಣಿಗೆ ಒಂದೇ ಸಾಲು ಬರೆಸಬೇಡಿ, ಪ್ರತಿಯೊಂದರ ಅಗತ್ಯವನ್ನೂ ಬೇರೆ ಬೇರೆ ಹೇಳಬೇಕು. ರೇಬೀಸ್ ಲಸಿಕೆ, ಕೌಂಟಿಯ ನಾಯಿ ಲೈಸೆನ್ಸ್ ನಾವು ಕೇಳಬಹುದು, ಅದು ಎಲ್ಲ ನಾಯಿಗಳಿಗೂ ಇರುವ ನಿಯಮ. ಲಿಫ್ಟಿನಲ್ಲಿ ಹಗ್ಗ ಕಟ್ಟಿರಬೇಕು, ಹೇಲು ಎತ್ತಬೇಕು, ರಾತ್ರಿಯೆಲ್ಲ ಬೊಗಳಬಾರದು. ಸಿಕ್ಕ ಅನುಮತಿ ಕೈತಪ್ಪುವುದು ಬಹುಪಾಲು ಇಂಥ ಕಾರಣಗಳಿಂದಲೇ.

ಡಾರ್ಮ್_ರೂಮ್:

ವಿನಾಯಿತಿಯ ವಿಷಯ ಯಾರೂ ಎತ್ತಲಿಲ್ಲ, ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಮಾಲೀಕರೇ ವಾಸವಿರುವ, ನಾಲ್ಕು ಅಥವಾ ಕಡಿಮೆ ಮನೆಗಳ ಕಟ್ಟಡಕ್ಕೆ ಫೆಡರಲ್ ಕಾಯ್ದೆಯ, ಅಂದರೆ ಕೇಂದ್ರದ ಫೇರ್ ಹೌಸಿಂಗ್ ಆಕ್ಟ್‌ನ, ಈ ನಿಯಮ ಅನ್ವಯಿಸುವುದಿಲ್ಲ. ಮೂರಕ್ಕಿಂತ ಹೆಚ್ಚು ಒಂಟಿಮನೆ ಇಲ್ಲದ ಮಾಲೀಕರು ಬ್ರೋಕರ್ ಇಲ್ಲದೆ ಬಾಡಿಗೆಗೆ ಕೊಟ್ಟ ಒಂಟಿಮನೆಗೂ ಇಲ್ಲ. ಕ್ಯಾಲಿಫೋರ್ನಿಯಾದ ಸ್ವಂತ ಕಾನೂನು ಇಷ್ಟು ಸಡಿಲ ಬಿಡುವುದಿಲ್ಲ: ಮಾಲೀಕರು ತಾವಿರುವ ಮನೆಯಲ್ಲೇ ಒಬ್ಬರಿಗೆ ಕೋಣೆ ಕೊಟ್ಟಿದ್ದರೆ ಮಾತ್ರ ಹೊರತು. ಅಂಗವೈಕಲ್ಯದ ವ್ಯಾಖ್ಯಾನವೂ ಇಲ್ಲಿ ವಿಶಾಲ. ಫೆಡರಲ್ ಕಾನೂನು ಚಟುವಟಿಕೆಗೆ ‘ಗಣನೀಯ’ ಅಡ್ಡಿ ಇರಬೇಕು ಅನ್ನುತ್ತದೆ, ಕ್ಯಾಲಿಫೋರ್ನಿಯಾ ‘ಅಡ್ಡಿ’ ಇದ್ದರೆ ಸಾಕು ಅನ್ನುತ್ತದೆ. ಬರುವ ಹೋಗುವ ಪ್ಯಾನಿಕ್‌ನಂಥ ಕಾಯಿಲೆಗೆ ಈ ಒಂದು ಪದದ ವ್ಯತ್ಯಾಸ ದೊಡ್ಡದು.

ವಿದ್ಯಾರ್ಥಿಗಳಿಗೆ: ಯೂನಿವರ್ಸಿಟಿ ಹಾಸ್ಟೆಲ್ ಮನೆಯಲ್ಲ ಎಂಬ ವಾದ 2013ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಕರ್ನಿ ಕ್ಯಾಂಪಸ್ ಪ್ರಕರಣದಲ್ಲಿ ಫೆಡರಲ್ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಅದೂ ಆತಂಕದ ಕಾಯಿಲೆಗೆ ನಾಯಿ ಕೇಳಿದ್ದ ಪ್ರಕರಣವೇ.

ಅಕ್ಕನ_ತಮ್ಮ:

ತುಂಬಾ ಉಪಕಾರ ಆಯ್ತು. ಒಂದು ಹೊಸ ಮಾತು ಬಂದಿದೆ: ‘ನಮ್ಮ ಇನ್ಶೂರೆನ್ಸ್ ಶೆಫರ್ಡ್‌ಗೆ ಒಪ್ಪುವುದಿಲ್ಲ’ ಅಂತ. ಅದು ನಡೆಯುತ್ತದಾ? ಬೇಡವೇ ಬೇಡ ಅಂದರೆ ಎಲ್ಲಿಗೆ ಹೋಗಬೇಕು?

ಕರಡುಪ್ರತಿ:

ಬಾಯಿಮಾತಾಗಿ ನಡೆಯುವುದಿಲ್ಲ. ಪಾಲಿಸಿಯ ಆ ಕಲಂ ತೋರಿಸಿ, ಅಸಿಸ್ಟೆನ್ಸ್ ಅನಿಮಲ್‌ಗೆ ವಿನಾಯಿತಿ ಕೊಡುತ್ತೀರಾ ಎಂದು ಕಂಪನಿಯನ್ನು ಕೇಳಿದ್ದೀರಾ, ಬೇರೆ ಕಂಪನಿಯಲ್ಲಿ ವಿಚಾರಿಸಿದಿರಾ, ಖರ್ಚು ಎಷ್ಟು ಹೆಚ್ಚಾಗುತ್ತದೆ ಎಂದು ಈಮೇಲಿನಲ್ಲಿ ಕೇಳಿ. ಅತಿಯಾದ ಆರ್ಥಿಕ ಹೊರೆ ಎಂದು ತೋರಿಸಬೇಕಾದವರು ಅವರು. ಕ್ಯಾಲಿಫೋರ್ನಿಯಾ ನಿಯಮದಲ್ಲಿ, ಇಲ್ಲ ಅನ್ನುವ ಮೊದಲು ಬಾಡಿಗೆದಾರರ ಜೊತೆ ಮಾತಾಡಿ ಬೇರೆ ದಾರಿ ಹುಡುಕುವ ಹೊಣೆಯೂ ಅವರದೇ.

ಅಷ್ಟಾದರೂ ಇಲ್ಲ ಅಂದರೆ ಎರಡು ಬಾಗಿಲು: ಫೆಡರಲ್ ಮಟ್ಟದಲ್ಲಿ ಹಡ್, ರಾಜ್ಯ ಮಟ್ಟದಲ್ಲಿ ಸಿವಿಲ್ ರೈಟ್ಸ್ ಡಿಪಾರ್ಟ್‌ಮೆಂಟ್. ಎರಡರಲ್ಲೂ ನಿರಾಕರಿಸಿದ ದಿನದಿಂದ 1 ವರ್ಷದೊಳಗೆ ದೂರು ಹಾಕಬೇಕು. ಫೀ ಇಲ್ಲ, ವಕೀಲರು ಬೇಕೇಬೇಕು ಅಂತಿಲ್ಲ. ನ್ಯಾಯಾಲಯಕ್ಕೆ ನೇರ ಹೋಗುವುದಾದರೆ ಫೆಡರಲ್ ಕಾಯ್ದೆಯಡಿ 2 ವರ್ಷ. ಕ್ಯಾಲಿಫೋರ್ನಿಯಾದಲ್ಲಿ ಇರುವವರು ರಾಜ್ಯದ ಬಾಗಿಲನ್ನೇ ಮೊದಲು ತಟ್ಟುವುದು ಜಾಣತನ, ಕಾನೂನು ಅಲ್ಲೇ ಗಟ್ಟಿ. ದೂರು ಕೊಟ್ಟಿದ್ದಕ್ಕೆ ಬಾಡಿಗೆ ಏರಿಸಿದರೆ, ಲೀಸ್ ಮುಂದುವರಿಸದಿದ್ದರೆ ಅದು ಸೇಡಿನ ಕ್ರಮವೆಂದು ಪ್ರತ್ಯೇಕ ದೂರಾಗುತ್ತದೆ, ಸೆಕ್ಷನ್ 3617 ನೋಡಿ. ಬಾಡಿಗೆಯನ್ನು ಮಾತ್ರ ಒಂದು ದಿನವೂ ತಡ ಮಾಡಬೇಡಿ, ಜಗಳದ ಸಿಟ್ಟಿಗೆ ತಡೆಹಿಡಿದರೆ ಹೊರಹಾಕಲು ಅವರಿಗೆ ನೀವೇ ಕಾರಣ ಕೊಟ್ಟಂತೆ.

ಲೀಸಿಂಗ್_ಆಫೀಸ್:

ಅನುಮತಿ ಸಿಕ್ಕ ಮೇಲೆ ಅದನ್ನೂ ಬರಹದಲ್ಲಿ ಪಡೆದು ಲೀಸ್ ಜೊತೆ ಇಟ್ಟುಕೊಳ್ಳಿ. ಮ್ಯಾನೇಜರ್ ಬದಲಾದರೆ ಹೊಸಬರು ‘ಪೆಟ್ ರೆಂಟ್ ಬಾಕಿ’ ಅಂತ ಬಿಲ್ ಕಳಿಸುವುದುಂಟು. ಥೆರಪಿಸ್ಟ್ ಪತ್ರ ತೋರಿಸಿ ನಾಯಿಯನ್ನು ವಿಮಾನದಲ್ಲಿ ಕರೆದೊಯ್ಯುವ ಯೋಚನೆ ಇದ್ದರೆ ಬೇಡ: 2021ರ ಜನವರಿಯಿಂದ ಏರ್‌ಲೈನ್‌ಗಳು ಇಎಸ್‌ಎಯನ್ನು ಮಾಮೂಲಿ ಸಾಕುಪ್ರಾಣಿಯಂತೆ ನೋಡಬಹುದು. ಅಕ್ಕನ ನಾಯಿ ಇಎಸ್‌ಎ ಆಗಿದ್ದರೆ ಎಲ್ಲೂ ಅದನ್ನು ಸರ್ವಿಸ್ ಡಾಗ್ ಎಂದು ಹೇಳದಿರಲಿ. ಗೊತ್ತಿದ್ದೂ ಹಾಗೆ ಸುಳ್ಳು ಹೇಳುವುದು ಕ್ಯಾಲಿಫೋರ್ನಿಯಾದಲ್ಲಿ ಅಪರಾಧ, 1,000 ಡಾಲರ್‌ವರೆಗೆ ದಂಡ, 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.