ಅಪ್‌ಡೇಟ್: ಎಕ್ಸ್‌ಚೇಂಜ್ ವರ್ಷಕ್ಕೆ ಹೊರಟಿದ್ದವಳು ತಲುಪಿದ್ದೇನೆ

ಒಂದು ವರ್ಷದ ಎಕ್ಸ್‌ಚೇಂಜ್ ಓದಿಗೆ ಹೊರಡ್ತಿದ್ದೇನೆ, ನಡುವೆ ವಿಮಾನ ಬದಲಿಸಬೇಕು, ಕ್ಯಾಬಿನ್ ಬ್ಯಾಗಿನಲ್ಲಿ ಏನೇನು ಇಟ್ಟುಕೊಳ್ಳಲಿ ಎಂದು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಸುಖವಾಗಿ ತಲುಪಿದ್ದೇನೆ.

ದಾಖಲೆಗಳ ಪ್ರಿಂಟ್ ಕೈಯಲ್ಲೇ ಇರಲಿ ಎಂದಿದ್ದವರಿಗೆ ದೊಡ್ಡ ನಮಸ್ಕಾರ. ಇಮಿಗ್ರೇಷನ್ ಸಾಲಿನಲ್ಲಿ ನಿಂತಾಗ ಫೋನಿಗೆ ನೆಟ್‌ವರ್ಕೇ ಇರಲಿಲ್ಲ. ಅಧಿಕಾರಿ ವೀಸಾ ಪುಟ ನೋಡಿ ಪ್ರವೇಶ ಪತ್ರ ಕೇಳಿದರು. ಎಲ್ಲಿ ಉಳಿಯುತ್ತೀರಿ, ಖರ್ಚು ಯಾರು ನೋಡಿಕೊಳ್ಳುತ್ತಾರೆ ಅಂದರು. ಹಾಸ್ಟೆಲ್ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟೆ. ಟಪ್ ಎಂದು ಮುದ್ರೆ ಬಿತ್ತು, ಅಷ್ಟೇ. ಇದಕ್ಕಾಗಿ ಸುಮ್ನೆ ನಿದ್ದೆಗೆಟ್ಟಿದ್ದೆ!

ಪವರ್ ಬ್ಯಾಂಕ್ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳಿದ್ದಿರಿ. ಅದನ್ನು ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ, ಕ್ಯಾಬಿನ್ ಬ್ಯಾಗಿನಲ್ಲೇ ಇರಬೇಕು. 100 ವ್ಯಾಟ್-ಅವರ್ ಒಳಗಿದ್ದರೆ ಸಾಮಾನ್ಯವಾಗಿ ವಿಶೇಷ ಅನುಮತಿ ಬೇಡ. 20,000 ಎಂಎಎಚ್‌ನದು ಸುಮಾರು 74 ಆಗುತ್ತದೆ. ಆ ಲೆಕ್ಕ ಅದರ ಬೆನ್ನ ಮೇಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅಳಿಸಿಹೋಗಿದ್ದರೆ ತಕರಾರು ಗ್ಯಾರಂಟಿ.

ವಿಮಾನ ಬದಲಿಸುವುದು ಸಲೀಸಾಯಿತು. ಎರಡೂ ಪ್ರಯಾಣ ಒಂದೇ ಟಿಕೆಟ್‌ನಲ್ಲಿದ್ದವು, ಸೂಟ್‌ಕೇಸ್ ನೇರವಾಗಿ ಕೊನೆಯ ನಿಲ್ದಾಣಕ್ಕೇ ಬಂತು. ನಡುವೆ ಇನ್ನೊಂದು ಸೆಕ್ಯುರಿಟಿ ಚೆಕ್ ಇತ್ತು, ನೀರಿನ ಬಾಟಲಿ ಖಾಲಿ ಮಾಡಿಸಿದರು.

ಜೆಟ್ ಲ್ಯಾಗ್ ಮಾತ್ರ ಬಿಟ್ಟಿಲ್ಲ. ಮಧ್ಯರಾತ್ರಿ ಕಣ್ಣು ಪಿಳಿಪಿಳಿ, ಕ್ಲಾಸಿನಲ್ಲಿ ತೂಕಡಿಕೆ. ಬೆಳಗಿನ ಬಿಸಿಲಲ್ಲಿ ನಡೆದರೆ ಬೇಗ ಸರಿಹೋಗುತ್ತೆ ಅಂತಾರೆ, ನಡೀತಿದ್ದೇನೆ.

ಈಗ ಬ್ಯಾಂಕ್ ಖಾತೆ ತೆರೆಯಬೇಕು. ವಿಳಾಸದ ಪುರಾವೆ ಬೇಕಂತೆ. ಹಾಸ್ಟೆಲ್ ಪತ್ರ ಸಾಕಾಗುತ್ತಾ? ಗೊತ್ತಿದ್ದವರು ಹೇಳಿ.