ಸಹಾಯ ಬೇಕು: ಬ್ರಾಂಡಿಯ ಹೊಗೆ ಎಳೆಯುವ ಹುಡುಗನಿಗೆ ಎಂತ ಹೇಳುದು?

ನಮಸ್ಕಾರ, ನಾವು ಬದಿಯಡ್ಕದ ಹತ್ರ. ಅಕ್ಕನ ಮಗ, 19 ವರ್ಷ, ಮಂಗಳೂರಲ್ಲಿ ಓದುದು, ರಜೆಗೆ ಬಂದವ ಬಾಗಿಲು ಹಾಕಿ ಬ್ರಾಂಡಿಗೆ ಡ್ರೈ ಐಸ್ ಹಾಕಿ ಹೊಗೆ ಎಳೀತಿದ್ದ ಮಾರ್ರೆ! ಕೇಳಿದ್ರೆ "ಕುಡಿದದ್ದಲ್ಲ ಮಾವಾ, ಲಿವರಿಗೆ ಎಂತ ಆಗುದಿಲ್ಲ" ಅಂತಾನೆ. ಆದ್ರೆ ಹಬೆ ಶ್ವಾಸಕೋಶದಿಂದ ಸೀದಾ ರಕ್ತಕ್ಕೆ, ಅಲ್ಲಿಂದ ಮಿದುಳಿಗೆ ಹೋಗ್ತದೆ, ಹೊಟ್ಟೆಗೆ ಹೋಗದ ಕಾರಣ ಜಾಸ್ತಿ ಆದ್ರೂ ವಾಂತಿ ಮಾಡಿ ಹೊರಗೆ ಹಾಕ್ಲಿಕ್ಕಿಲ್ಲ, ಎಷ್ಟು ಒಳಗೆ ಹೋಯ್ತು ಅಂತ ಲೆಕ್ಕವೂ ಇಲ್ಲ, ರಕ್ತಕ್ಕೆ ಸೇರಿದ್ದು ಕೊನೆಗೆ ಲಿವರಿಗೇ ಬರುದಲ್ವಾ? ಮೇಲಿಂದ ಡ್ರೈ ಐಸ್ ಅಂದ್ರೆ ಕಾರ್ಬನ್ ಡೈಆಕ್ಸೈಡ್, ಮುಚ್ಚಿದ ರೂಮಲ್ಲಿ ಉಸಿರೇ ಕಟ್ಟೀತು. ಎರಡು ದಿನದಿಂದ ಒಣ ಕೆಮ್ಮು ಬೇರೆ. ಡಾಕ್ಟರ್, ನರ್ಸ್ ಯಾರಾದ್ರೂ ಇದ್ರೆ ಹೇಳಿ, ಕಾಸರಗೋಡಿಗೆ ಕರ್ಕೊಂಡು ಹೋಗಿ ತೋರಿಸ್ಬೇಕಾ? ಅಕ್ಕನಿಗೆ ಇನ್ನೂ ಹೇಳ್ಲಿಲ್ಲ, ಭಾವನಿಗೆ ಗೊತ್ತಾದ್ರೆ ಕಥೆಯೇ ಬೇರೆ.