ಟೆಂಪ್ ಫೈಲ್ ತೆಗೆಯುದು ಹೇಗೆ? ಸರ್ವಿಸಿನ ಅಣ್ಣನ ಹತ್ರ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮೊನ್ನೆಯಿಂದ ಗುಂಪಿನಲ್ಲಿ ಒಂದು ಫಾರ್ವರ್ಡ್ ತಿರುಗ್ತಾ ಉಂಟು: “ನಿಮ್ಮ ಬ್ರೌಸರ್ ಗುಪ್ತ ಫೈಲ್‌ಗಳನ್ನು ಅಡಗಿಸಿಟ್ಟಿದೆ! ಇಂಡೆಕ್ಸ್ ಡಾಟ್ ಡ್ಯಾಟ್ ನಿಮ್ಮ ಎಲ್ಲವನ್ನೂ ದಾಖಲಿಸುತ್ತಿದೆ! ಟೆಂಪ್, ಪ್ರಿಫೆಚ್, ಆಪ್‌ಡೇಟಾ ಮೂರನ್ನೂ ಶಿಫ್ಟ್ ಡಿಲೀಟ್ ಮಾಡಿ, ಕಂಪ್ಯೂಟರ್ ಹೊಸದಾಗುತ್ತದೆ, ಹತ್ತು ಜನಕ್ಕೆ ಕಳಿಸಿ.” ಬದಿಯಡ್ಕದಲ್ಲಿ ಸರ್ವಿಸ್ ಅಂಗಡಿ ಇಟ್ಟಿರುವ ನಮ್ಮ ಅಣ್ಣ ರಾತ್ರಿ ಒಂಬತ್ತರವರೆಗೆ ಇರ್ತಾರೆ. ವಿಷಯದ ಮೇಲೆ ಮಾತ್ರ ಕೇಳಿ.

ಸರ್ವಿಸ್ ಬದಿಯಡ್ಕ: ಮೊದಲು ಸರಿಯಾದ ದಾರಿ ಹೇಳಿಬಿಡ್ತೇನೆ. ಟೆಂಪ್ ಅಂದ್ರೆ ಪ್ರೋಗ್ರಾಮ್‌ಗಳು ತಾತ್ಕಾಲಿಕವಾಗಿ ಬರೆದಿಡುವ ಫೈಲ್. ಕ್ರೋಮ್ ಆಗ್ಲಿ ಫೈರ್‌ಫಾಕ್ಸ್ ಆಗ್ಲಿ, ತೆರೆದು ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರೂ ಒಟ್ಟಿಗೆ ಒತ್ತಿ. ಸಮಯ ಕೇಳಿದಲ್ಲಿ ಪೂರ್ತಿ ಅಂತ ಕೊಡಿ. ಕ್ಯಾಶ್ (ನೋಡಿದ ಪುಟಗಳ ಚಿತ್ರ ಇತ್ಯಾದಿ ಬ್ರೌಸರ್ ತೆಗೆದಿಟ್ಟದ್ದು) ಅಂತ ಇರುವ ಒಂದಕ್ಕೆ ಮಾತ್ರ ಟಿಕ್. ಕುಕೀಸಿನ ಟಿಕ್ ತೆಗೀರಿ, ಇಲ್ಲದಿದ್ರೆ ಎಲ್ಲ ಕಡೆ ಪುನಃ ಲಾಗಿನ್ ಆಗ್ಬೇಕು. ವಿಂಡೋಸಿನ ಕಸಕ್ಕೆ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್. ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಅಂತ ಒಂದು ಸಾಲು ಉಂಟು, ಅದನ್ನು ಮುಟ್ಬೇಡಿ. ಅದು ಕಸ ಅಲ್ಲ, ನೀವೇ ಇಳಿಸಿಟ್ಟ ಆಧಾರ್, ಮಾರ್ಕ್ಸ್ ಕಾರ್ಡ್.

ಅಡೂರು ತೋಟ: ಕ್ಯಾಶ್ ತೆಗೆದ್ರೆ ಪಾಸ್‌ವರ್ಡ್ ಹೋಗ್ತದಾ ಅಣ್ಣಾ?

ಸರ್ವಿಸ್ ಬದಿಯಡ್ಕ: ಇಲ್ಲ. ಪಾಸ್‌ವರ್ಡ್ ಇರುದು ಬೇರೆ ಕಡೆ.

ಉಪ್ಪಳ ಸ್ಟೋರ್: ಇಂಡೆಕ್ಸ್ ಡಾಟ್ ಡ್ಯಾಟ್ ಹುಡುಕಿ ಹುಡುಕಿ ಸಾಕಾಯ್ತು, ನನ್ನ ಕಂಪ್ಯೂಟರಲ್ಲಿ ಸಿಗುದೇ ಇಲ್ಲ. ಅಡಗಿದೆಯಾ?

ಸರ್ವಿಸ್ ಬದಿಯಡ್ಕ: ಅಡಗಿದ್ದಲ್ಲ, ಸತ್ತಿದೆ. ಅದು ಹಳೆ ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ಫೈಲ್. ಹತ್ತನೇ ಆವೃತ್ತಿಯಲ್ಲೇ ಅದನ್ನು ಬಿಟ್ಟು ಬೇರೆ ಡೇಟಾಬೇಸ್ ಮಾಡಿದ್ರು. ಎಕ್ಸ್‌ಪ್ಲೋರರನ್ನೇ 2022ರ ಜೂನಿನಲ್ಲಿ ನಿಲ್ಲಿಸಿಯೂ ಆಯ್ತು. ಫಾರ್ವರ್ಡ್ ಬರೆದವನಿಗೆ ಅಷ್ಟೂ ಗೊತ್ತಿಲ್ಲ, ನೀವು ಅವನ ಮಾತು ಕೇಳಿ ರಾತ್ರಿ ನಿದ್ದೆ ಕೆಡಿಸ್ತೀರಿ.

ಕುಂಬಳೆ ಪಪ್ಪ: ಮಗ ರಾತ್ರಿ ಎಂತ ನೋಡ್ತಾನೆ ಅಂತ ಈ ಟೆಂಪ್ ಫೈಲಲ್ಲಿ ಗೊತ್ತಾಗ್ತದಾ?

ಪೈವಳಿಕೆ ಅಕ್ಕ: ಅಣ್ಣಾ, ನಾನು ಆ ಫಾರ್ವರ್ಡ್ ನೋಡಿ ಬೆಳಿಗ್ಗೆಯೇ ಮಾಡಿಬಿಟ್ಟೆ. ಆಪ್‌ಡೇಟಾ ಮಂಜು ಮಂಜಾಗಿ ಕಾಣ್ತಿತ್ತು, ಶಿಫ್ಟ್ ಡಿಲೀಟ್ ಕೊಟ್ಟೆ. ನಡುವಿನಲ್ಲಿ “ಫೈಲ್ ಬಳಕೆಯಲ್ಲಿದೆ” ಅಂತ ಬಂತು, ಸ್ಕಿಪ್ ಒತ್ತುತ್ತಾ ಹೋದೆ. ಈಗ ಕ್ರೋಮಲ್ಲಿ ಒಂದು ಬುಕ್‌ಮಾರ್ಕೂ ಇಲ್ಲ. ಮೇಲ್ ನೋಡುವ ಥಂಡರ್‌ಬರ್ಡ್ ತೆರೆದ್ರೆ ಹೊಸ ಖಾತೆ ಮಾಡಿ ಅಂತ ಕೇಳ್ತದೆ, ಇದುವರೆಗೆ ಯಾರೂ ಮುಟ್ಟದ ಹಾಗೆ. ಇವರ ದುಬೈ ಕೆಲಸದ ಹತ್ತು ವರ್ಷದ ಮೇಲ್ ಅದರಲ್ಲೇ ಇತ್ತು. ಶುಕ್ರವಾರ ಊರಿಗೆ ಬರ್ತಾರೆ. ಕೈಕಾಲು ನಡುಗ್ತಾ ಉಂಟು.

ಸರ್ವಿಸ್ ಬದಿಯಡ್ಕ: ಅಕ್ಕಾ, ಇದನ್ನು ಆ ಕಂಪ್ಯೂಟರಿಂದಲೇ ಬರೀತಾ ಇದ್ದೀರಾ? ಹೌದಾದ್ರೆ ಈಗಲೇ ಆಫ್ ಮಾಡಿ, ಉಳಿದದ್ದು ಫೋನಲ್ಲಿ ಓದಿ.

ಯಾಕೆ ಅಂತ ಹೇಳ್ತೇನೆ. ಡಿಲೀಟ್ ಆದ ಕೂಡ್ಲೇ ಫೈಲ್ ಅಳಿಸಿ ಹೋಗುದಿಲ್ಲ. ಜಾಗ ಖಾಲಿ ಉಂಟು ಅಂತ ಗುರುತು ಬೀಳ್ತದೆ ಅಷ್ಟೆ. ಅದರ ಮೇಲೆ ಬೇರೆ ಏನಾದ್ರೂ ಬಂದು ಕೂತ್ರೆ ಆಗ ಹೋಯ್ತು. ಬ್ರೌಸರ್ ತೆರೆದಿದ್ರೆ ಅದು ಟೆಂಪ್ ಬರೀತಾನೇ ಇರ್ತದೆ. ನೀವು ಯಾವ ಕಸ ತೆಗೀಲಿಕ್ಕೆ ಹೋದ್ರೋ ಅದೇ ಕಸ ಈಗ ನಿಮ್ಮ ಯಜಮಾನರ ಮೇಲ್‌ಗಳ ಮೇಲೆ ಬಂದು ಬೀಳ್ತಾ ಉಂಟು.

ಆಪ್‌ಡೇಟಾ ಅಂದ್ರೆ ಪ್ರೋಗ್ರಾಮ್‌ಗಳು ತಮ್ಮ ಸಾಮಾನು ಇಡುವ ಫೋಲ್ಡರ್. ಅದರೊಳಗೆ ಲೋಕಲ್, ರೋಮಿಂಗ್ ಅಂತ ಬೇರೆ ಬೇರೆ ಉಂಟು. ಟೆಂಪ್ ಇರುದು ಲೋಕಲ್ ಒಳಗಿನ ಒಂದು ಮೂಲೆಯಲ್ಲಿ. ಕ್ರೋಮಿನ ಬುಕ್‌ಮಾರ್ಕ್, ಪಾಸ್‌ವರ್ಡ್ ಎಲ್ಲ ಅದೇ ಲೋಕಲಿನ ಇನ್ನೊಂದು ಕೋಣೆಯಲ್ಲಿ. ಥಂಡರ್‌ಬರ್ಡಿನ ಮೇಲ್ ರೋಮಿಂಗಲ್ಲಿ. ಅಂಗಳದ ತರಗೆಲೆ ಗುಡಿಸ್ಲಿಕ್ಕೆ ಹೋಗಿ ಕಪಾಟನ್ನೇ ತೋಡಿಗೆ ಬಿಸಾಡಿದ ಹಾಗಾಯ್ತು.

ಈಗ ಎರಡು ವಿಷಯ ಹೇಳಿ. ಒಂದು, ಕಂಪ್ಯೂಟರ್ ಯಾವಾಗಿನದ್ದು, ಒಳಗೆ ತಿರುಗುವ ಹಳೆ ಹಾರ್ಡ್ ಡಿಸ್ಕಾ, ಚಿಪ್ಪಿನ ಎಸ್ಎಸ್‌ಡಿಯಾ? ಎಸ್ಎಸ್‌ಡಿ ಆದ್ರೆ ಟ್ರಿಮ್ ಅಂತ ಒಂದು ವ್ಯವಸ್ಥೆ ಖಾಲಿ ಜಾಗವನ್ನು ತಾನಾಗಿಯೇ ಒರಸ್ತದೆ, ಆಸೆ ಬಹಳ ಕಡಿಮೆ. ಎರಡು, ದುಬೈಗೆ ಫೋನ್ ಮಾಡಿ, ಅವರ ಮೊಬೈಲಲ್ಲಿ ಹಳೆ ಮೇಲ್ ಕಾಣ್ತದಾ ಕೇಳಿ. ಮೇಲ್ ತರುವ ರೀತಿ ಎರಡು. ಐಮ್ಯಾಪ್ ಆಗಿದ್ರೆ ಮೇಲ್ ಕಂಪೆನಿಯ ಸರ್ವರಲ್ಲೇ ಇರ್ತದೆ, ಏನೂ ಹೋಗಿಲ್ಲ. ಪಾಪ್ ಆಗಿದ್ರೆ ಹೆಚ್ಚಾಗಿ ಕಂಪ್ಯೂಟರಿಗೆ ಇಳಿದು ಸರ್ವರಿಂದ ಹೋಗಿರ್ತದೆ, ಈ ಡಿಸ್ಕಿಗೇ ಕೈ ಹಾಕ್ಬೇಕು. ರಿಕವರಿ ಸಾಫ್ಟ್‌ವೇರ್ ಅಂತ ನೀವಾಗಿ ಏನನ್ನೂ ಇಳಿಸ್ಬೇಡಿ, ಅದೂ ಅಲ್ಲೇ ಹೋಗಿ ಕೂರ್ತದೆ.

ಅಡೂರು ತೋಟ: ಹಾಗಾದ್ರೆ ಕ್ಯಾಶ್ ತೆಗೆದ್ರೆ ಪಾಸ್‌ವರ್ಡ್ ಹೋಗುದೇ ಅಲ್ವಾ?

ಸರ್ವಿಸ್ ಬದಿಯಡ್ಕ: ಮೇಲೆ ಬರ್ದಿದ್ದೇನೆ.

ನೀರ್ಚಾಲು ಮಾಷ್ಟ್ರು: ಇದಕ್ಕೇ ನಾನು ಹೇಳುದು. ಶಾಲೆಯಲ್ಲಿ ಮಕ್ಕಳು ಉಬುಂಟು ಕಲಿತು ಬರ್ತಾರೆ, ಮನೆಯವರು ವಿಂಡೋಸ್ ಹಿಡ್ಕೊಂಡು ಒದ್ದಾಡ್ತಾರೆ. ಲಿನಕ್ಸಿನಲ್ಲಿ ಈ ಕಸವೇ ಇಲ್ಲ.

ಸರ್ವಿಸ್ ಬದಿಯಡ್ಕ: ಉಂಟು ಮಾಷ್ಟ್ರೇ. ಹೋಮ್ ಫೋಲ್ಡರ್ ತೆರೆದು ಕಂಟ್ರೋಲ್ ಎಚ್ ಒತ್ತಿ. ಹೆಸರಿನ ಮೊದಲು ಚುಕ್ಕಿ ಇರುವ ಕ್ಯಾಶ್ ಫೋಲ್ಡರ್ ಎದುರು ಬರ್ತದೆ.

ಕುಂಬಳೆ ಡಿಟಿಪಿ: ಮಾಷ್ಟ್ರೇ, ಹಳೆ ನುಡಿ ಫಾಂಟಿನ ಫೈಲು ನಿಮ್ಮ ಉಬುಂಟುವಿನಲ್ಲಿ ತೆರೆದು ತೋರ್ಸಿ. ಮಗಳ ಮದುವೆ ಕಾಗದ ಮಾಡಿಸ್ಲಿಕ್ಕೆ ನನ್ನ ವಿಂಡೋಸೇ ಬೇಕಾಗಿತ್ತಲ್ಲ?

ನೀರ್ಚಾಲು ಮಾಷ್ಟ್ರು: ಆ ಕಾಗದದಲ್ಲಿ ಮುಹೂರ್ತದ ಲಗ್ನವೇ ತಪ್ಪಿತ್ತು. ಮುನ್ನೂರು ಕಾಗದ ಕೈಯಲ್ಲಿ ತಿದ್ದಿದವ ನಾನು.

ಕುಂಬಳೆ ಡಿಟಿಪಿ: ಪ್ರೂಫ್ ನೋಡಿ ಸಹಿ ಹಾಕಿದವರು ಯಾರು? ಆ ಕಾಗದ ಈಗಲೂ ನನ್ನ ಹತ್ರ ಉಂಟು, ಫೋಟೋ ಹಾಕ್ಲಾ?

ಮುಳ್ಳೇರಿಯ ಯುವಕ: ಹಾಕಿ ಹಾಕಿ 😂

ಅಡ್ಮಿನ್: ದಯವಿಟ್ಟು ವಿಷಯದ ಮೇಲೆ ಮಾತಾಡಿ.

ನೀರ್ಚಾಲು ಮಾಷ್ಟ್ರು: ವಿಷಯ ತೆಗೆದವ ನಾನಲ್ಲ.

ಮಂಜೇಶ್ವರ ನಿವೃತ್ತ: ನನ್ನದು ವಿಂಡೋಸ್ 7. ಟೆಂಪ್ ಎಲ್ಲ ತೆಗೆದ್ರೂ ಬಹಳ ನಿಧಾನ.

ಸರ್ವಿಸ್ ಬದಿಯಡ್ಕ: ಅದರಲ್ಲಿ ಕ್ರೋಮ್ 109ನೇ ಆವೃತ್ತಿಗೇ ನಿಂತಿದೆ, 2023ರಿಂದ ಅಪ್‌ಡೇಟ್ ಇಲ್ಲ. ಟೆಂಪಿನ ತಪ್ಪಲ್ಲ. ಬ್ಯಾಂಕಿನ ಕೆಲಸ ಅದರಲ್ಲಿ ಮಾಡ್ಬೇಡಿ.

ಉಪ್ಪಳ ಸ್ಟೋರ್: ತೆಗೆದ ಕ್ಯಾಶ್ ಎರಡೇ ದಿನದಲ್ಲಿ ಪುನಃ ತುಂಬ್ತದಲ್ಲ, ವೈರಸ್ಸಾ?

ಸರ್ವಿಸ್ ಬದಿಯಡ್ಕ: ತುಂಬುದೇ ಅದರ ಕೆಲಸ. ಒಮ್ಮೆ ನೋಡಿದ ಚಿತ್ರ ಪುನಃ ಇಳಿಸ್ಬಾರದು ಅಂತ ಇಟ್ಕೊಳ್ತದೆ. ಸಿ ಡ್ರೈವ್ ತುಂಬಿ ಕೆಂಪಾಗದಿದ್ರೆ, ಪುಟಗಳು ಸರಿ ಕಾಣ್ತಾ ಇದ್ರೆ ಅದರ ಪಾಡಿಗೆ ಬಿಡಿ. ಪ್ರಿಫೆಚ್ ಕೂಡ ಹಾಗೆಯೇ, ಪ್ರೋಗ್ರಾಮ್ ಬೇಗ ತೆರೀಲಿಕ್ಕೆ ವಿಂಡೋಸ್ ಇಟ್ಕೊಳ್ಳುದು, ತೆಗೆದ್ರೆ ಲಾಭ ಇಲ್ಲ.

ಬಾಯಾರು ಚಿಕ್ಕಮ್ಮ: ಎಲ್ಲರೂ ಓದಿ, ಬಹಳ ಉಪಯುಕ್ತ 🙏 “ನಿಮ್ಮ ಬ್ರೌಸರ್ ಗುಪ್ತ ಫೈಲ್‌ಗಳನ್ನು ಅಡಗಿಸಿಟ್ಟಿದೆ! ಇಂಡೆಕ್ಸ್ ಡಾಟ್ ಡ್ಯಾಟ್...”

ಸರ್ವಿಸ್ ಬದಿಯಡ್ಕ: ಚಿಕ್ಕಮ್ಮ, ಒಂದು ಗಂಟೆಯಿಂದ ನಾನು ಇಲ್ಲಿ ಬೊಬ್ಬೆ ಹೊಡೀತಾ ಇರುದು ಇದಕ್ಕೇ. ಅಡ್ಮಿನ್, ಅದನ್ನು ತೆಗೀರಿ ಮಾರಾಯ್ರೆ, ಇನ್ನೊಬ್ರು ಒತ್ತಿಬಿಟ್ಟಾರು.

ಬಾಯಾರು ಚಿಕ್ಕಮ್ಮ: ನನಗೆ ಬಂದದ್ದು ಕಳಿಸಿದೆ ಅಷ್ಟೆ. ಇಷ್ಟು ಕೋಪ ಯಾಕೆ?

ಮುಳ್ಳೇರಿಯ ಯುವಕ: ಅಣ್ಣಾ, ಒಳ್ಳೆಯ ಪ್ರಿಂಟರ್ ಯಾವುದು?

ಪೈವಳಿಕೆ ಅಕ್ಕ: ಕೇಳಿದೆ ಅಣ್ಣಾ. ಇವರ ಮೊಬೈಲಲ್ಲಿ 2019ರಿಂದ ಈಚಿನದ್ದು ಎಲ್ಲ ಕಾಣ್ತದಂತೆ, ಮೊದಲಿನದ್ದು ಇಲ್ಲ. ಕಂಪ್ಯೂಟರ್ ತೆಗೆದದ್ದು 2016ರಲ್ಲಿ. ಬಿಲ್ಲಲ್ಲಿ 500 ಜಿಬಿ ಹಾರ್ಡ್ ಡಿಸ್ಕ್ ಅಂತ ಉಂಟು. ಆಗಲೇ ಆಫ್ ಮಾಡಿ ಪ್ಲಗ್ಗೂ ತೆಗೆದೆ.

ಸರ್ವಿಸ್ ಬದಿಯಡ್ಕ: ಹಾರ್ಡ್ ಡಿಸ್ಕ್ ಆದದ್ದು ಒಳ್ಳೇದಾಯ್ತು. ಹಳೇದನ್ನು ಅವರು ಥಂಡರ್‌ಬರ್ಡಿನ ಲೋಕಲ್ ಫೋಲ್ಡರ್ಸಿಗೆ, ಅಂದ್ರೆ ಈ ಡಿಸ್ಕಿಗೇ ಹಾಕಿಟ್ಟಿರ್ಬೇಕು. ಡಿಸ್ಕ್ ಬಿಚ್ಚಿ ನನ್ನ ಮೆಷಿನಿಗೆ ಸಿಕ್ಕಿಸಿ, ಅದಕ್ಕೆ ಏನೂ ಬರೆಯದ ಹಾಗೆ ನೋಡ್ತೇನೆ. ಎಲ್ಲ ಸಿಗ್ತದೆ ಅಂತ ಮಾತು ಕೊಡುದಿಲ್ಲ. ಕ್ರೋಮಿನ ಪಾಸ್‌ವರ್ಡ್ ಗೂಗಲ್ ಖಾತೆಗೆ ಸಿಂಕ್ ಆಗಿದ್ರೆ, ಅಂದ್ರೆ ಅಲ್ಲಿಯೂ ಪ್ರತಿ ಇದ್ರೆ ವಾಪಸ್ ಬರ್ತದೆ. ಆಗದಿದ್ರೆ ಅದನ್ನು ಬಿಚ್ಚುವ ಕೀಲಿಯೂ ನೀವು ಅಳಿಸಿದ ರೋಮಿಂಗ್ ಒಳಗೇ ಇತ್ತು, ಎರಡೂ ಸಿಗ್ಬೇಕು.

ನಾಳೆ ಒಂಬತ್ತಕ್ಕೆ ಅಂಗಡಿ ತೆರೀತೇನೆ. ಸಿಪಿಯು ಮಾತ್ರ ಸಾಕು, ಮಾನಿಟರ್ ಹೊತ್ತು ತರ್ಬೇಡಿ. ಬಸ್ಸಲ್ಲಾದ್ರೆ ಮಡಿಲಲ್ಲಿ ಇಟ್ಕೊಳ್ಳಿ, ಮಳೆ ಬಂದ್ರೆ ಗೋಣಿ ಸಾಲದು, ಪ್ಲಾಸ್ಟಿಕ್ ಸುತ್ತಿ.

ಅಡೂರು ತೋಟ: ಅಣ್ಣಾ, ಪಾಸ್‌ವರ್ಡಿನ ವಿಷಯ...